ದೀಪ ಉರಿಯುತ್ತಿದೆ, ಕೆಪಾಸಿಟರ್ ಬದುಕಿದೆಯಾ?

ಪೀಣ್ಯದ ಒಂದು ಮೆಷಿನ್ ಶಾಪ್‌ಗೆ ಹೋಗಿದ್ದೆ. ಮಾಲೀಕರು ಬಿಲ್ ಮುಂದಿಟ್ಟರು. "ಸಾರ್, ಕೆಪಾಸಿಟರ್ ಪ್ಯಾನೆಲ್ ಹಾಕ್ಸಿ ಐದು ವರ್ಷ ಆಯ್ತು. ಆದ್ರೂ ಪವರ್ ಫ್ಯಾಕ್ಟರ್ ದಂಡ ಬರ್ತಿದೆ." ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ ಬರುತ್ತದೆ ಅನ್ನುವ ಲೆಕ್ಕವೇ ಪವರ್ ಫ್ಯಾಕ್ಟರ್; 1 ಆದರೆ ಪೂರ್ತಿ. ಬಿಲ್‌ನಲ್ಲಿ ಅದು 0.75 ಅಂತಿತ್ತು. ಪ್ಯಾನೆಲ್ ಮೇಲೆ ಕೆಪಾಸಿಟರ್‌ಗೊಂದರಂತೆ ಐದೂ ದೀಪ ಉರಿಯುತ್ತಿದ್ದವು.

ಮೋಟಾರ್‌ಗೆ ತಿರುಗಲು ಕಾಂತಕ್ಷೇತ್ರ ಬೇಕು. ಅದಕ್ಕೆ ಬೇಕಾದ ಶಕ್ತಿಯನ್ನು ಅದು ಲೈನಿನಿಂದ ಕೈಗಡ ಪಡೆದು, ಕ್ಷಣದಲ್ಲೇ ವಾಪಸ್ ಕೊಡುತ್ತದೆ. ಈ ಓಡಾಟದಲ್ಲಿ ಕೆಲಸವೇನೂ ಆಗುವುದಿಲ್ಲ, ಕೇಬಲ್ ಮಾತ್ರ ಸುಮ್ನೆ ಬಿಸಿಯಾಗುತ್ತದೆ. ಆ ಕೈಗಡವನ್ನು ಪಕ್ಕದಲ್ಲೇ ಕೊಡುವುದು ಕೆಪಾಸಿಟರ್.

ತಂತಿಯನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆ. 415 ವೋಲ್ಟ್‌ನ 10 ಕೆವಿಎಆರ್ (ಆ ಕೈಗಡದ ಅಳತೆ) ಕೆಪಾಸಿಟರ್ ಪ್ರತಿ ಫೇಸ್‌ನಲ್ಲೂ ಸುಮಾರು 14 ಆಂಪ್ ಎಳೆಯಬೇಕು. ಒಂದು ಸರಿಯಾಗಿ ಎಳೆಯುತ್ತಿತ್ತು. ಇನ್ನೊಂದು ಬರೀ 5. ಉಳಿದ ಮೂರರಲ್ಲಿ ಸೊನ್ನೆ! ದೀಪ ಹೇಳುವುದು ಕಾಂಟ್ಯಾಕ್ಟರ್, ಅಂದರೆ ಕೆಪಾಸಿಟರ್‌ನ ಸ್ವಿಚ್, ಆನ್ ಆಗಿದೆ ಅಂತ, ಅಷ್ಟೇ. ಅದನ್ನೇ ನಂಬಿ ತಿಂಗಳುಗಟ್ಟಲೆ ದಂಡ ಕಟ್ಟುವವರನ್ನು ನೋಡಿದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ.

ಅಲ್ಲಿನ ಲೋಡ್ 50 ಕಿಲೋವ್ಯಾಟ್. 0.75ರಿಂದ 0.98ಕ್ಕೆ ಏರಿಸಲು ಇನ್ನೂ 34 ಕೆವಿಎಆರ್ ಬೇಕು. ಸತ್ತ ಕೆಪಾಸಿಟರ್‌ಗಳ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ನಾಲ್ಕನ್ನು ಬದಲಾಯಿಸಿದ ಮೇಲೆ ಮೇನ್ ಕೇಬಲ್‌ನ ಕರೆಂಟ್ 93 ಆಂಪ್‌ನಿಂದ 71ರ ಹತ್ತಿರಕ್ಕೆ ಇಳಿಯಿತು. ಹಾಗಂತ ಯೂನಿಟ್ ಅರ್ಧಕ್ಕೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೇಬಲ್‌ನಲ್ಲಿ ಬಿಸಿಯಾಗಿ ಹೋಗುತ್ತಿದ್ದಷ್ಟು ಮಾತ್ರ ಉಳಿಯುತ್ತದೆ.

ಅವು ಸತ್ತಿದ್ದೇಕೆ? ಆಮೇಲೆ ತಂದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್‌ಗಳಲ್ಲಿ ಮೋಟಾರ್ ವೇಗ ಬದಲಿಸುವ ಡ್ರೈವ್‌ಗಳಿದ್ದವು. ಡ್ರೈವ್ ಇದ್ದಲ್ಲಿ ಹಾರ್ಮೋನಿಕ್ಸ್, ಅಂದರೆ ಲೈನಿನ 50 ಹರ್ಟ್ಸ್‌ನ ಪಟ್ಟುಗಳಲ್ಲಿ ಬರುವ ಬೇಡದ ಕರೆಂಟ್, ಜಾಸ್ತಿ. ಬರೀ ಕೆಪಾಸಿಟರ್ ಅದನ್ನು ಎಳೆದುಕೊಂಡು ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ. ಹಾಗಾಗಿ ಈ ಸಲ 7 ಶೇಕಡಾ ರಿಯಾಕ್ಟರ್ (ಹಾರ್ಮೋನಿಕ್ಸ್ ತಡೆಯುವ ಸುರುಳಿ) ಸೇರಿಸಿದೆವು. ಆಗ ಇವೆರಡರ ಅನುರಣನ, ಅಂದರೆ ಕರೆಂಟನ್ನು ಅತಿ ಹೆಚ್ಚು ಎಳೆದುಕೊಳ್ಳುವ ಆವರ್ತನ, 189 ಹರ್ಟ್ಸ್‌ಗೆ ಬರುತ್ತದೆ, ಐದನೇ ಹಾರ್ಮೋನಿಕ್‌ನ 250ಕ್ಕಿಂತ ಕೆಳಗೆ. ರಿಯಾಕ್ಟರ್ ಜೊತೆ ಕೆಪಾಸಿಟರ್ ಮೇಲಿನ ವೋಲ್ಟೇಜ್ ಏರುತ್ತದೆ. ಅದಕ್ಕೇ ಹೆಚ್ಚು ವೋಲ್ಟೇಜ್ ತಾಳುವಂಥದ್ದನ್ನೇ ಕೊಳ್ಳಬೇಕು.

ಸ್ವಿಚ್ ಆಫ್ ಮಾಡಿದ ತಕ್ಷಣ ಟರ್ಮಿನಲ್ ಮುಟ್ಟಬೇಡಿ. ಕೆಪಾಸಿಟರ್ ಒಳಗೆ ಚಾರ್ಜ್ ಉಳಿದಿರುತ್ತದೆ. ಕೆಲವು ನಿಮಿಷ ಕಾಯಿರಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ.

ಅಲ್ಲಿನ ಎಲೆಕ್ಟ್ರಿಷಿಯನ್ ಈಗ ಪ್ರತಿ ತಿಂಗಳು ಒಂದನೇ ತಾರೀಖು ಮೂರೂ ಫೇಸ್‌ನ ಆಂಪ್ ಅಳೆದು, ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡುತ್ತಾನೆ.