ಎರಡು ಶಾಯಿ ಬೆರೆಸುವ ಮುನ್ನ

ಪರೀಕ್ಷೆಯ ದಿನಗಳಲ್ಲಿ ಅಧ್ಯಾಪಕಿಯೊಬ್ಬರು ದುರಸ್ತಿಗೆಂದು ತಂದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನನ್ನು ಬಿಚ್ಚಿದಾಗ, ನಿಬ್ಬಿಗೆ ಶಾಯಿ ಹರಿಸುವ, ಅದರ ಕೆಳಗಿನ ಫೀಡಿನ ಸಂದುಗಳಲ್ಲಿ ಕಾಫಿ ಫಿಲ್ಟರಿನ ಚರಟದಂಥ ಕಂದು ಬಣ್ಣದ ಜಿಗುಟು ತುಂಬಿಕೊಂಡಿತ್ತು. ವರ್ಷವಿಡೀ ಬ್ಲೂ-ಬ್ಲ್ಯಾಕ್ ಶಾಯಿ ತುಂಬುತ್ತಿದ್ದ ಅವರು ಉತ್ತರಪತ್ರಿಕೆ ತಿದ್ದಲು ಅದೇ ಪೆನ್ನಿಗೆ, ತೊಳೆಯದೆ, ಕೆಂಪು ಶಾಯಿ ಹಾಕಿದ್ದರು. ಬೆರೆಸುವ ಉದ್ದೇಶ ಅವರಿಗಿರಲಿಲ್ಲ, ಆದರೆ ಪೆನ್ನಿನೊಳಗೆ ನಡೆದದ್ದು ಬೆರಕೆಯೇ.

ಬ್ಲೂ-ಬ್ಲ್ಯಾಕ್ ಎಂಬ ಹೆಸರಿನ ಶಾಯಿಗಳೆಲ್ಲ ಒಂದೇ ಜಾತಿಯವಲ್ಲ. ಪೆಲಿಕಾನ್ 4001 ಬ್ಲೂ-ಬ್ಲ್ಯಾಕ್‌ನಂಥ ಹಳೆಯ ಪದ್ಧತಿಯ ಶಾಯಿಗಳಲ್ಲಿ ಕಬ್ಬಿಣದ ಲವಣವೂ ಗ್ಯಾಲಿಕ್, ಟ್ಯಾನಿಕ್ ಬಗೆಯ ಆಮ್ಲಗಳೂ ಇರುತ್ತವೆ. ಬರೆದ ಮೇಲೆ ಗಾಳಿ ತಾಗಿ ಕಬ್ಬಿಣ ಉತ್ಕರ್ಷಣಗೊಂಡು ಕಪ್ಪಾಗುತ್ತದೆ, ಆಮೇಲೆ ನೀರು ಬಿದ್ದರೂ ಅಕ್ಷರ ಉಳಿಯುತ್ತದೆ. ಅದೇ ಕ್ರಿಯೆ ಬಾಟಲಿಯೊಳಗೆ ನಡೆಯದಂತೆ ತಡೆಹಿಡಿಯುವುದು ಶಾಯಿಯ ಬಲವಾದ ಆಮ್ಲೀಯತೆ. ಕೆಂಪು ಶಾಯಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇಯೊಸಿನ್ ಎಂಬ ಡೈಗೆ (ನೀರಿನಲ್ಲಿ ಕರಗುವ ಬಣ್ಣಕ್ಕೆ) ಮಾತ್ರ ಆಮ್ಲ ಆಗದು: ನಿಂಬೆರಸ ಬಿದ್ದ ಹಾಲಿನಂತೆ ಒಡೆದು ತಳಕ್ಕೆ ಇಳಿಯುತ್ತದೆ. ಕೆಂಪು ಶಾಯಿ ಕ್ಷಾರೀಯವಾಗಿದ್ದರೆ ಇತ್ತ ಕಬ್ಬಿಣವೂ ದ್ರಾವಣದಿಂದ ಹೊರಬೀಳುತ್ತದೆ.

ಕಬ್ಬಿಣವಿಲ್ಲದ, ಬರೀ ಡೈಯಿಂದ ಮಾಡಿದ ಶಾಯಿಗಳನ್ನು ಬೆರೆಸುವುದು ಬಹುಮಟ್ಟಿಗೆ ಸುರಕ್ಷಿತ. ಆದರೂ ಹೆಚ್ಚಿನ ಡೈಗಳು ಋಣ ವಿದ್ಯುದಂಶದವು, ಮಿಥೈಲ್ ವಯೊಲೆಟ್‌ನಂಥ ಕೆಲವು ಧನ ವಿದ್ಯುದಂಶದವು, ಮತ್ತು ಈ ಎರಡು ಬಗೆಗಳು ಸೇರಿದರೆ ನೀರಿನಲ್ಲಿ ಕರಗದ ವಸ್ತುವೊಂದು ಹುಟ್ಟಬಹುದು. ಸಾಮಾನ್ಯ ರಾಯಲ್ ಬ್ಲೂ ಶಾಯಿ ಕ್ಷಾರದ ಸಂಪರ್ಕಕ್ಕೆ ಬಂದರೆ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಒಂದೇ ಕಂಪನಿಯ ಎರಡು ಬಾಟಲಿಗಳಾದರೆ ಭಯವಿಲ್ಲ ಎಂದು ಅನೇಕರು ನಂಬುತ್ತಾರೆ. ಆದರೆ ನೀಲಿಯೂ ಬ್ಲೂ-ಬ್ಲ್ಯಾಕೂ ಒಂದೇ ಕಂಪನಿಯವಾದರೂ ಅವುಗಳ ರಸಾಯನ ಬೇರೆಯಾಗಿರಬಹುದು. ಇನ್ನು ಪ್ಲಾಟಿನಮ್ ಕಾರ್ಬನ್ ಬ್ಲ್ಯಾಕ್‌ನಂಥ ವರ್ಣಕದ ಶಾಯಿಯಲ್ಲಿ ಬಣ್ಣ ಕರಗಿರುವುದಿಲ್ಲ, ಸೂಕ್ಷ್ಮ ಕಣಗಳು ಪರಸ್ಪರ ದೂರ ತಳ್ಳುತ್ತ ತೇಲುತ್ತಿರುತ್ತವೆ. ಆಮ್ಲವೋ ಲವಣವೋ ಸೇರಿ ಆ ವಿಕರ್ಷಣೆ ಕೆಟ್ಟರೆ ಕಣಗಳು ಗಂಟುಗಟ್ಟುತ್ತವೆ, ಮತ್ತು ಹಾಗೆ ಫೀಡಿನಲ್ಲಿ ಒಣಗಿದ ಗಂಟು ಬರಿಯ ನೀರಿಗೆ ಕರಗದು. ಇದನ್ನು ಕಬ್ಬಿಣದ ಶಾಯಿಯೊಂದಿಗೆ ಬೆರೆಸಬೇಡಿ ಎಂದೇ ನಾನು ಹೇಳುತ್ತೇನೆ. ಬೆರೆಸುವ ಹಂಬಲವಿದ್ದವರಿಗೆ ಪ್ಲಾಟಿನಮ್ ಕಂಪನಿಯ ಮಿಕ್ಸ್ ಫ್ರೀ ಸರಣಿಯ 9 ಬಣ್ಣಗಳಿವೆ. ಅವನ್ನು ತಯಾರಿಸಿರುವುದೇ ಬೆರೆಸಲೆಂದು.

ಉಳಿದ ಯಾವ ಜೋಡಿಯಾದರೂ ಮೊದಲು ಗಾಜಿನಲ್ಲಿ ಬೆರೆಯಬೇಕು. ಸೂಜಿ ತೆಗೆದ ಎರಡು ಸಿರಿಂಜುಗಳಿಂದ, ಒಂದೊಂದು ಶಾಯಿಗೆ ಒಂದೊಂದನ್ನು ಮೀಸಲಿಟ್ಟು, 1 ಮಿ.ಲೀ.ನಷ್ಟು ಅಳೆದು ಪಾರದರ್ಶಕ ಸೀಸೆಗೆ ಹಾಕಿ, ಮುಚ್ಚಿ, ಅಲುಗಿಸದೆ ಇಡಿ. ಕೆಲವು ಜೋಡಿಗಳು ನಿಮಿಷಗಳಲ್ಲೇ ಒಡೆಯುತ್ತವೆ, ಕೆಲವು ದಿನಗಳ ನಂತರ. ಆದ್ದರಿಂದ ನಾನು ಒಂದು ವಾರ ಕಾಯುತ್ತೇನೆ. ಬಳಿಕ ಸೀಸೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದರೆ, ಇಳಿದ ದ್ರವದ ಹಿಂದೆ ಗಾಜಿಗೆ ಹರಳು ಹರಳಾಗಿ ಏನಾದರೂ ಅಂಟಿದೆಯೇ, ತಳದಲ್ಲಿ ಕೆಸರಿನಂಥ ಪದರವಿದೆಯೇ, ಮೇಲೆ ಕೆನೆ ಕಟ್ಟಿದೆಯೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಕಂಡರೆ ಚೆಲ್ಲಿಬಿಡಿ. ಕಾಣದಿದ್ದರೂ ಮೊದಲು ಬಿಚ್ಚಿ ತೊಳೆಯಬಹುದಾದ ಅಗ್ಗದ ಪೆನ್ನಿನಲ್ಲೇ ಬರೆದು ನೋಡಿ. ತೆಳುಮಾಡಲು ಡಿಸ್ಟಿಲ್ಡ್ ವಾಟರ್ ಬಳಸಿ, ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂಡ ಗಸಿಗೆ ಕಾರಣವಾಗಬಲ್ಲದು. ಹೆಚ್ಚು ತೆಳುಮಾಡಿದರೆ ಶಾಯಿಯಲ್ಲಿನ ಸಂರಕ್ಷಕವೂ ತೆಳುವಾಗಿ ಬೂಷ್ಟು ಹಿಡಿಯುವ ಅಪಾಯವಿದೆ. ಉಳಿದ ಮಿಶ್ರಣವನ್ನು ಯಾವ ಕಾರಣಕ್ಕೂ ಮೂಲ ಬಾಟಲಿಗೆ ಹಿಂದಿರುಗಿಸಬೇಡಿ.

ಅಧ್ಯಾಪಕಿಯವರ ಪೆನ್ನಿಗೆ ಮೂರು ದಿನ ಹಿಡಿಯಿತು. ಎಬೊನೈಟ್ ಬಣ್ಣಗೆಡುವುದರಿಂದ ಬಿಸಿನೀರು ಬಳಸುವಂತಿರಲಿಲ್ಲ. ತಣ್ಣೀರಿನಲ್ಲಿ ತೊಳೆದು, ಕಬ್ಬಿಣ ಬಿಡಿಸಲು ವಿಟಮಿನ್ ಸಿ ಕರಗಿಸಿದ ನೀರಿನಲ್ಲಿ ಫೀಡನ್ನು ನೆನೆಸಿಟ್ಟು, ಮತ್ತೆ ಚೆನ್ನಾಗಿ ತೊಳೆದ ಮೇಲೆಯೇ ತೆಳುವಾದ ಅಮೋನಿಯಾ ನೀರಿಗೆ ಹಾಕಿದೆ. ಮೊದಲೇ ಅಮೋನಿಯಾ ಹಾಕಿದ್ದರೆ ಕಬ್ಬಿಣ ಅಲ್ಲೇ ಇನ್ನಷ್ಟು ಗಟ್ಟಿಯಾಗಿ ಕೂರುತ್ತಿತ್ತು. ಆ ನೀರಿಗೆ ಬಿದ್ದ ಕೂಡಲೇ ಸಂದುಗಳಿಂದ ಕೆಂಪು ಬಣ್ಣ ಎಳೆಯೆಳೆಯಾಗಿ ಬಿಟ್ಟುಕೊಂಡಿತು.