ಪುಟ್ಟ ಮಗುವಿನ ಸಂವೇದನಾ ತೊಂದರೆ: ಆಕ್ಯುಪೇಷನಲ್ ಥೆರಪಿ ಬೇಕೇ ಎಂಬ ನಿರ್ಧಾರ

ಎರಡು ವರ್ಷದ ಮಗು ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ತಲೆಗೆ ನೀರು ಹಾಕಿದರೆ ಕಿರುಚುವುದು, ಹೊಸ ತಿನಿಸನ್ನು ಉಗಿಯುವುದು ಅಥವಾ ಸುಮ್ಮನೆ ಗಿರಗಿರನೆ ಸುತ್ತುವುದು ತಮ್ಮಷ್ಟಕ್ಕೆ ಆಕ್ಯುಪೇಷನಲ್ ಥೆರಪಿಗೆ, ಅಂದರೆ ದಿನನಿತ್ಯದ ಚಟುವಟಿಕೆಗಳನ್ನು ಮಾಡಲು ನೆರವಾಗುವ ಚಿಕಿತ್ಸೆಗೆ, ಕಾರಣಗಳಲ್ಲ. ಈ ವಯಸ್ಸಿನ ಅನೇಕ ಮಕ್ಕಳಲ್ಲಿ ಇವು ಕಂಡು ಮರೆಯಾಗುತ್ತವೆ. ನಾವು ಕೇಳಬೇಕಾದ ಮುಖ್ಯ ಪ್ರಶ್ನೆಯೆಂದರೆ, ಆ ವರ್ತನೆಯಿಂದ ಮಗುವಿನ ಊಟ, ನಿದ್ದೆ, ಸ್ನಾನ, ಆಟ ಮತ್ತು ಇತರರೊಡನೆ ಬೆರೆಯುವಿಕೆ ಎಷ್ಟರಮಟ್ಟಿಗೆ ಕೆಡುತ್ತಿವೆ ಎಂಬುದು. ಬಟ್ಟೆಯ ಹೊಲಿಗೆ ಚುಚ್ಚುತ್ತದೆಂದು ಅತ್ತರೂ ಮೆತ್ತನೆಯ ಅಂಗಿ ತೊಡಿಸಿದಾಗ ಆಟಕ್ಕೆ ಮರಳುವ ಮಗುವಿನ ಸ್ಥಿತಿ ಬೇರೆ. ಯಾವ ಬಟ್ಟೆಯನ್ನೂ ಸಹಿಸದೆ ಮನೆಯಿಂದ ಹೊರಡುವುದೇ ಅಸಾಧ್ಯವಾದ ಮಗುವಿನ ಸ್ಥಿತಿ ಬೇರೆ.

ಇಂದ್ರಿಯಗಳಿಂದ ಬರುವ ಅರಿವನ್ನು ಮಿದುಳು ಹೇಗೆ ಒಟ್ಟುಗೂಡಿಸಿ ಬಳಸುತ್ತದೆ ಎಂಬ ‘ಸಂವೇದನಾ ಸಂಯೋಜನೆ’ಯ ಸಿದ್ಧಾಂತವನ್ನು ರೂಪಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಸ್ಪರ್ಶದ ಜೊತೆಗೆ, ಒಳಕಿವಿಯಿಂದ ಬರುವ ಸಮತೋಲನದ ಅರಿವಿಗೂ ಸ್ನಾಯು ಮತ್ತು ಕೀಲುಗಳಿಂದ ಬರುವ ದೇಹಸ್ಥಿತಿಯ ಅರಿವಿಗೂ ಅವರು ವಿಶೇಷ ಮಹತ್ವ ಕೊಟ್ಟರು. ಆದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ 2013ರ ಕೈಪಿಡಿ ಡಿಎಸ್‌ಎಂ-5 ಸಂವೇದನಾ ಸಂಸ್ಕರಣೆಯ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿ ಮಾಡಿಲ್ಲ. ಸಂವೇದನೆಗಳಿಗೆ ಅತಿಯಾದ ಅಥವಾ ಅತಿ ಕಡಿಮೆಯಾದ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿದೆ. ಹಾಗೆಂದು ಇಂಥ ಪ್ರತಿ ಮಗುವಿಗೂ ಆಟಿಸಂ ಇದೆ ಎಂದು ತಿಳಿಯುವುದು ತಪ್ಪು, ಮತ್ತು ಹೆತ್ತವರನ್ನು ವೃಥಾ ಹೆದರಿಸುವ ತಪ್ಪು.

ಥೆರಪಿಗೆ ಮುನ್ನ ಮಕ್ಕಳ ವೈದ್ಯರು ಇತರ ಕಾರಣಗಳನ್ನು ನೋಡಬೇಕು. ಕರೆದರೆ ತಿರುಗದ ಮಗುವಿಗೆ ಕಿವಿಯಲ್ಲಿ ದ್ರವ ತುಂಬಿ ಕೇಳಿಸದಿರಬಹುದು. ಊಟ ಬೇಡವೆನ್ನುವ ಮಗುವಿಗೆ ಮಲಬದ್ಧತೆಯೋ ನುಂಗುವ ಕಷ್ಟವೋ ಇರಬಹುದು. ಮಣ್ಣು ತಿನ್ನುವ ಮಗುವಿಗೆ ಕಬ್ಬಿಣಾಂಶ ಕಡಿಮೆಯಿರಬಹುದು. ಕಲಿತ ಮಾತು ಮರೆಯಾಗುವುದು, ಬೇಕಾದುದನ್ನು ಬೆರಳು ತೋರಿ ಕೇಳದಿರುವುದು, ತೂಕ ಇಳಿಯುವುದು ಕಂಡರೆ ಕಾದು ನೋಡುವಂತಿಲ್ಲ.

ಸಂದೇಹ ಉಳಿದರೆ ಮೌಲ್ಯಮಾಪನಕ್ಕೆ ಹೋಗುವುದೇ ಸರಿಯೆಂದು ನನ್ನ ಅಭಿಪ್ರಾಯ, ಏಕೆಂದರೆ ಮೌಲ್ಯಮಾಪನಕ್ಕೆ ಒಪ್ಪಿದ ಮಾತ್ರಕ್ಕೆ ಚಿಕಿತ್ಸೆಗೆ ಒಪ್ಪಿದಂತಾಗುವುದಿಲ್ಲ. ಅದಕ್ಕೆ ಮೊದಲು ಯಾವ ಹೊತ್ತಿನಲ್ಲಿ, ಯಾವುದರ ನಂತರ, ಎಷ್ಟು ಹೊತ್ತು ಮಗು ಕಂಗೆಟ್ಟಿತು, ಏನು ಮಾಡಿದಾಗ ಶಾಂತವಾಯಿತು ಎಂದು ಬರೆದಿಟ್ಟರೆ ಥೆರಪಿಸ್ಟರಿಗೆ ಬಹಳ ನೆರವಾಗುತ್ತದೆ. ಸಂವೇದನಾ ಸಂಯೋಜನೆಯನ್ನು ಆಧರಿಸಿದ ಚಿಕಿತ್ಸೆಯ ಫಲದ ಬಗ್ಗೆ ಸಂಶೋಧನೆ ಸೀಮಿತವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2012ರಲ್ಲಿ ಹೇಳಿತ್ತು. ಆದ್ದರಿಂದ ಥೆರಪಿ ಆರಂಭಿಸುವಾಗಲೇ, ‘ಅಳದೆ ಹಲ್ಲುಜ್ಜಿಸಿಕೊಳ್ಳುವುದು’ ಎಂಬಂಥ ಕಣ್ಣಿಗೆ ಕಾಣುವ ಗುರಿಯನ್ನೂ ಅವಧಿಯನ್ನೂ ಥೆರಪಿಸ್ಟರೊಡನೆ ಗೊತ್ತುಮಾಡಿಕೊಳ್ಳಬೇಕು. ಆ ಅವಧಿ ಮುಗಿದಾಗ ಮನೆಯಲ್ಲಿ ಬದಲಾವಣೆ ಕಾಣದಿದ್ದರೆ ವಿಧಾನವನ್ನು ಬದಲಿಸುವಂತೆ, ಇಲ್ಲವೇ ನಿಲ್ಲಿಸುವಂತೆ ಕೇಳಬಹುದು.