ಬ್ರೌಸರೇ ಕಂಪ್ಯೂಟರ್ ಆದ ಕಥೆ, ಎಕ್ಸ್‌ಪೈರಿ ಡೇಟ್ ಸಮೇತ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಸ್ವಲ್ಪ ಹೊಸದೇ ಇರಬೇಕು. ಹುಬ್ಬಳ್ಳಿಯ ರಿಪೇರಿ ಅಂಗಡಿಗಳಲ್ಲಿ, ಧಾರವಾಡದ ಸಪ್ತಾಪುರದ ಕೋಚಿಂಗ್ ಹುಡುಗರ ರೂಮುಗಳಲ್ಲಿ ಈಗ ಅದೇ ಮಾತು: ‘ಇದ್ದ ಲ್ಯಾಪ್‌ಟಾಪ್ ಏನ್ ಮಾಡೂದ್ರೀ?’ ಒಬ್ಬರು ಕ್ರೋಮ್ ಓಎಸ್ ಫ್ಲೆಕ್ಸ್, ಅಂದರೆ ಹಳೆ ಪಿಸಿಗೆ ಹಾಕುವ ಗೂಗಲ್‌ನ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಿಸಿ ಅಂತಾರೆ. ಇನ್ನೊಬ್ಬರು ಅದನ್ನು ಮಾರಿ ಕ್ರೋಮ್ ಓಎಸ್ ಹಾಕಿಯೇ ಮಾರುವ ಕ್ರೋಮ್‌ಬುಕ್ ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳಿ ಅಂತಾರೆ. ಎರಡೂ ಒಂದೇ ಮನೆತನದವು, ಆದರೆ ಒಂದೇ ಅಲ್ಲ.

ಲೆಕ್ಕ ಹಾಕುವ ಯಂತ್ರ ಎಲ್ಲೋ ಇರಲಿ, ನಮ್ಮ ಮುಂದೆ ಪರದೆ ಕೀಬೋರ್ಡ್ ಇದ್ದರೆ ಸಾಕು ಅನ್ನೋದು ಮೇನ್‌ಫ್ರೇಮ್ ಕಾಲದ ಯೋಚನೆ. ಅದು ಬ್ಯಾಗಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಲು ದಶಕಗಳೇ ಹಿಡಿದವು.

2007ರಲ್ಲಿ ಆಸುಸ್ ಕಂಪನಿಯ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪ್ ಬಂತು. 7 ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಜಾಗ, ಒಳಗೆ ಲಿನಕ್ಸ್. ಇಂಥವಕ್ಕೆ ನೆಟ್‌ಬುಕ್ ಅನ್ನುವ ಹೆಸರು ಬಿತ್ತು. ಜನ ಕೇಳಿದ್ದು ಮಾತ್ರ ವಿಂಡೋಸ್. ಮರುವರ್ಷವೇ ಎಕ್ಸ್‌ಪಿ ಇವುಗಳಲ್ಲಿ ಬಂದು ಕೂತಿತು, ಹಗುರ ಓಎಸ್‌ಗಳು ಹಿಂದೆ ಸರಿದವು. ಪ್ಯಾರಿಸ್‌ನ ಜೋಲಿಕ್ಲೌಡ್ ಎಂಬ ಹಗುರ ಓಎಸ್ ಚೆನ್ನಾಗಿಯೇ ಇತ್ತು, ಹೆಚ್ಚು ದಿನ ಬಾಳಲಿಲ್ಲ.

ಗೂಗಲ್ 2009ರಲ್ಲಿ ಕ್ರೋಮ್ ಓಎಸ್ ಘೋಷಿಸಿತು. ತಳದಲ್ಲಿ ಲಿನಕ್ಸ್, ಮೇಲೆ ಬ್ರೌಸರ್, ಅಷ್ಟೇ. ಡಿಸ್ಕಿನಲ್ಲಿ ಓಎಸ್‌ನ ಎರಡು ಪ್ರತಿ ಇರುತ್ತವೆ. ನೀವು ಒಂದರಲ್ಲಿ ಕೆಲಸ ಮಾಡುವಾಗ ಅಪ್‌ಡೇಟ್ ಇನ್ನೊಂದಕ್ಕೆ ಇಳಿಯುತ್ತದೆ, ರೀಸ್ಟಾರ್ಟ್ ಮಾಡಿದರೆ ಹೊಸದು ಶುರು. ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದು ಅರ್ಧ ಗಂಟೆ ಕಾಯಿಸುವ ಕಾಟವಿಲ್ಲ. ಹೊರದೇಶಗಳಲ್ಲಿ 2011ರಲ್ಲಿ ಮಾರಾಟಕ್ಕೆ ಬಂದ ಕ್ರೋಮ್‌ಬುಕ್ ಭಾರತಕ್ಕೆ ಬಂದದ್ದು 2013ರಲ್ಲಿ. ಏಸರ್‌ನದಕ್ಕೆ ₹22,999, ಎಚ್‌ಪಿಯದಕ್ಕೆ ₹26,990. ಆ ದುಡ್ಡಿಗೆ ವಿಂಡೋಸ್ ಲ್ಯಾಪ್‌ಟಾಪೇ ಸಿಗುವಾಗ ಇದನ್ನು ಯಾರು ಕೊಳ್ಳಬೇಕು? 2015ರಲ್ಲಿ ₹12,999ಕ್ಕೂ ಬಂತು. ಆದರೆ ಜಿಯೋ ಬರುವ ಮುಂಚಿನ ಮಾತದು, ಡೇಟಾ ತುಟ್ಟಿ. ಆಫ್‌ಲೈನ್‌ನಲ್ಲಿ ಗೂಗಲ್ ಡಾಕ್ಸ್‌ನಲ್ಲಿ ಬರೆಯಬಹುದಿತ್ತು, ಮೊದಲೇ ಸೆಟ್ಟಿಂಗ್ ಆನ್ ಮಾಡಿಟ್ಟಿದ್ದರೆ. ಅದನ್ನು ಹೇಳಿಕೊಡುವವರು ಬೇಕಲ್ವಾ?

ನಿಜವಾದ ಗೋಜಲು ಶುರುವಾದದ್ದು ಆಮೇಲೆ. ಪ್ರತಿ ಕ್ರೋಮ್‌ಬುಕ್ಕಿಗೂ ಅಪ್‌ಡೇಟ್ ಮುಗಿಯುವ ದಿನ ಮೊದಲೇ ಗೊತ್ತಾಗಿರುತ್ತದೆ. ಮೊದಲು ಮೂರು ವರ್ಷ ಇತ್ತು, ಬೆಳೆಯುತ್ತ ಆರೂವರೆ ಆಯಿತು, 2020ರಲ್ಲಿ ಎಂಟು. 2023ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷ ಎಂದು ಘೋಷಿಸಿದರು. ಕೇಳಲು ಧಾರಾಳ. ಆದರೆ ಈ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಹಾರ್ಡ್‌ವೇರ್ ಪ್ಲಾಟ್‌ಫಾರ್ಮ್ (ಒಳಗಿನ ಚಿಪ್, ಬೋರ್ಡಿನ ಮೂಲ ವಿನ್ಯಾಸ) ಮೊದಲು ಹೊರಬಿದ್ದ ದಿನದಿಂದ. ಬೇರೆ ಊರಿನ ಶಾಲೆ, ಕಚೇರಿಗಳಲ್ಲಿ ದುಡಿದು ರಿಫರ್ಬಿಶ್ಡ್ ಹೆಸರಲ್ಲಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಆಯುಷ್ಯದ ಬಹುಪಾಲು ಕಳೆದಿರುತ್ತದೆ. 2021ಕ್ಕಿಂತ ಹಳೆಯ ಪ್ಲಾಟ್‌ಫಾರ್ಮ್ ಆದರೆ ಹತ್ತು ವರ್ಷ ತಾನಾಗಿ ಸಿಗುವುದೂ ಇಲ್ಲ, ಸೆಟ್ಟಿಂಗ್‌ನಲ್ಲಿ ಒಪ್ಪಿಗೆ ಕೊಡಬೇಕು. ಬಿಸ್ಕೆಟ್ ಪ್ಯಾಕಿನ ಮೇಲೂ ತಾರೀಖು ಇರುತ್ತದೆ. ಇಲ್ಲಿ ಸೆಟ್ಟಿಂಗ್ಸ್, ಅಬೌಟ್ ಕ್ರೋಮ್ ಓಎಸ್, ಅಡಿಷನಲ್ ಡೀಟೇಲ್ಸ್ ಎಂದು ಹೊಕ್ಕು ‘ಅಪ್‌ಡೇಟ್ ಶೆಡ್ಯೂಲ್’ ಹುಡುಕಬೇಕು. ಕೌಂಟರ್ ಮುಂದೆ ನಿಂತು ಅಷ್ಟು ಒಳಗೆ ಹೋಗುವವರು ಕಡಿಮೆ.

ಫ್ಲೆಕ್ಸ್ ದಾರಿ ಬೇರೆ. ನೆವರ್‌ವೇರ್ ಎಂಬ ಕಂಪನಿ ಹಳೆ ಪಿಸಿಗಳಿಗಾಗಿ ಕ್ಲೌಡ್‌ರೆಡಿ ಎಂಬ ಓಎಸ್ ಮಾಡಿತ್ತು. 2020ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು, 2022ರಲ್ಲಿ ಕ್ಲೌಡ್‌ರೆಡಿಯೇ ಫ್ಲೆಕ್ಸ್ ಆಯಿತು. ದುಡ್ಡು ಕೊಡಬೇಕಿಲ್ಲ. 64 ಬಿಟ್ ಇಂಟೆಲ್ ಅಥವಾ ಎಎಂಡಿ, 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಇದ್ದರೆ ಓಡುತ್ತದೆ. ಪ್ಲೇ ಸ್ಟೋರ್ ಮಾತ್ರ ಇಲ್ಲ. ‘ಕ್ರೋಮ್‌ಬುಕ್ಕಿನಲ್ಲಿ ಆ ಆ್ಯಪ್ ಇತ್ತಲ್ಲ’ ಎಂಬ ಜಗಳ ಹುಟ್ಟೋದು ಇಲ್ಲೇ.

ಓದು, ಅರ್ಜಿ, ವಿಡಿಯೊ ಪಾಠಕ್ಕಾದರೆ ಇದು ಧಾರಾಳ ಸಾಕು. ಕನ್ನಡದ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಬಂದಾಗ ತೊಡಕು. ಮುದ್ರಣಕ್ಕೆ ಹೆಸರಾದ ಗದಗದಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಕನ್ನಡ ಟೈಪಿಂಗ್‌ನ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ ಇವೆಲ್ಲ ಇಲ್ಲಿ ಓಡುವುದು ವಿಂಡೋಸ್‌ನಲ್ಲಿ. ನುಡಿಯ ಹಳೆ ಫಾಂಟಿನಲ್ಲಿ ಟೈಪಾದ ಲಗ್ನಪತ್ರಿಕೆಯನ್ನು ಫ್ಲೆಕ್ಸ್‌ನಲ್ಲಿ ತೆರೆದರೆ ವಧುವಿನ ಹೆಸರಿದ್ದ ಕಡೆ ಚುಕ್ಕಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸಿದರೆ ಮಾತ್ರ ಓದಲು ಬರುತ್ತದೆ. ‘ಎಲ್ಲವೂ ಬ್ರೌಸರ್‌ನಲ್ಲಿ’ ಅಂದವರ ಪಟ್ಟಿಯಲ್ಲಿ ಈ ಕೆಲಸ ಇದ್ದಂತಿಲ್ಲ.

ಹಾಕಿಸುವವರು ಮೊದಲು 8 ಜಿಬಿ ಪೆನ್‌ಡ್ರೈವ್‌ನಿಂದಲೇ ಫ್ಲೆಕ್ಸ್ ಓಡಿಸಿ ನೋಡಬಹುದು. ವೈಫೈ, ಸ್ಪೀಕರ್, ಕ್ಯಾಮೆರಾ ಮೂರನ್ನೂ ಪರೀಕ್ಷಿಸಿ. ಮಾಡೆಲ್ ಗೂಗಲ್‌ನ ಸರ್ಟಿಫೈಡ್ ಪಟ್ಟಿಯಲ್ಲಿದೆಯೇ ನೋಡಿ, ಬೆಂಬಲ ಮುಗಿಯುವ ವರ್ಷವೂ ಅಲ್ಲೇ ಇರುತ್ತದೆ. ಇನ್‌ಸ್ಟಾಲ್ ಒತ್ತಿದರೆ ಡಿಸ್ಕ್ ಪೂರ್ತಿ ಅಳಿಸಿ ಹೋಗುತ್ತದೆ, ನುಡಿ ಫೈಲುಗಳನ್ನು ಮೊದಲೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.